ನಗೆ ಧಾರಾವಾಹಿಯಲ್ಲಿ ಒಬ್ಬ ತಂದೆ

ಟಿ.ವಿ.ಯ ಹಾಸ್ಯ ಧಾರಾವಾಹಿಗಳನ್ನು ನಾವು ನೋಡುತ್ತೇವೆ, ನಗುತ್ತೇವೆ, ಮರೆಯುತ್ತೇವೆ. ಅವು ಇತಿಹಾಸದ ಆಕರಗಳೂ ಆಗಬಲ್ಲವೆಂಬುದು ನಮಗೆ ಬೇಗ ಹೊಳೆಯುವುದಿಲ್ಲ. ಅಮೆರಿಕದ ಸಿ.ಬಿ.ಎಸ್. ವಾಹಿನಿಯಲ್ಲಿ 1974ರ ಫೆಬ್ರವರಿ 8ರಂದು ಆರಂಭವಾದ ‘ಗುಡ್ ಟೈಮ್ಸ್’ ಅಂಥದೊಂದು ಆಕರ.

ಅದರ ಕಥೆ ಸರಳ. ಷಿಕಾಗೊ ನಗರದ ಬಡವರಿಗಾಗಿ ಸರ್ಕಾರ ಕಟ್ಟಿಸಿದ ಬಹುಮಹಡಿ ಕಟ್ಟಡದಲ್ಲಿ ಇವಾನ್ಸ್ ಎಂಬ ಕಪ್ಪು ಕುಟುಂಬ ವಾಸಿಸುತ್ತದೆ. ತಂದೆ ಜೇಮ್ಸ್ ಸಿಕ್ಕ ಕೂಲಿ ಕೆಲಸವನ್ನೆಲ್ಲ ಮಾಡುವವನು. ತಾಯಿ ಫ್ಲಾರಿಡಾ ದೈವಭಕ್ತೆ. ಹಿರಿಯ ಮಗ ಜೆ.ಜೆ. ಚಿತ್ರಕಾರ, ಮಾತಿನ ಮಲ್ಲ. ಮಗಳು ತೆಲ್ಮಾ ಜಾಣೆ. ಕಿರಿಯವನಾದ ಮೈಕೇಲ್ ತನ್ನ ಜನರ ಹಕ್ಕುಗಳ ಬಗ್ಗೆ ಸದಾ ವಾದಿಸುವ ಹುಡುಗ. ಮನೆಬಾಡಿಗೆ ಕಟ್ಟುವ ಚಿಂತೆ, ಕೈತಪ್ಪುವ ಕೆಲಸ, ಇವೇ ಇಲ್ಲಿ ನಗೆಯ ವಸ್ತುಗಳು.

ಇದಕ್ಕೊಂದು ಹಿನ್ನೆಲೆಯಿದೆ. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನರು ದಕ್ಷಿಣದ ರಾಜ್ಯಗಳನ್ನು ತೊರೆದು ಇತರ ಭಾಗಗಳ ನಗರಗಳಿಗೆ ವಲಸೆ ಹೋದರು. ಷಿಕಾಗೊ ಅವರ ಮುಖ್ಯ ನೆಲೆಗಳಲ್ಲೊಂದಾಯಿತು. ಧಾರಾವಾಹಿಯ ಆರಂಭದ ದೃಶ್ಯಗಳಲ್ಲಿ ಕಾಣುವ ಕಾಬ್ರಿನಿ-ಗ್ರೀನ್ ಅಲ್ಲಿನ ಪ್ರಸಿದ್ಧ ಸರ್ಕಾರಿ ವಸತಿ. ಮೈಕ್ ಇವಾನ್ಸ್ ಜೊತೆಗೂಡಿ ಈ ಧಾರಾವಾಹಿಯನ್ನು ಸೃಷ್ಟಿಸಿದ ಎರಿಕ್ ಮಾಂಟಿ ಬೆಳೆದದ್ದೂ ಅಲ್ಲಿಯೇ. ಅದಕ್ಕೆ ಪರದೆಯ ರೂಪ ಕೊಟ್ಟವರು ನಿರ್ಮಾಪಕ ನಾರ್ಮನ್ ಲಿಯರ್.

ನೀವು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮೊದಲ ಯೋಜನೆಯಲ್ಲಿ ಈ ಮನೆಗೆ ತಂದೆಯೇ ಇರಲಿಲ್ಲ! ಫ್ಲಾರಿಡಾ ಪಾತ್ರಧಾರಿಣಿ ಎಸ್ತರ್ ರೋಲ್ ಅದನ್ನು ಒಪ್ಪಲಿಲ್ಲ. ಮಕ್ಕಳಿಗೆ ತಂದೆ ಇರಲೇಬೇಕೆಂದು ಪಟ್ಟು ಹಿಡಿದರು. ಆಕೆ ಹದಿನೆಂಟು ಮಕ್ಕಳ ರೈತ ಕುಟುಂಬದಲ್ಲಿ ಬೆಳೆದವರು. ಈ ಹಟದ ಮಹತ್ವ ತಿಳಿಯಲು 1965ಕ್ಕೆ ಹೋಗಬೇಕು. ಕಪ್ಪು ಜನರ ಹಿನ್ನಡೆಯ ಮೂಲ ಅವರ ಒಡೆದ ಕುಟುಂಬಗಳಲ್ಲಿದೆ ಎಂಬ ಮೊಯ್ನಿಹಾನ್ ವರದಿ ಆ ವರ್ಷ ಹೊರಬಂದಿತ್ತು. ಜನಾಂಗಭೇದವನ್ನು ಬಿಟ್ಟು ನೊಂದವರನ್ನೇ ದೂಷಿಸುತ್ತದೆಂದು ಹಲವರು ಅದನ್ನು ಖಂಡಿಸಿದ್ದರು. ಇಂಥ ಕಾಲದಲ್ಲಿ, ದುಡಿಯುವ, ಗದರಿಸುವ, ಪ್ರೀತಿಸುವ ಕಪ್ಪು ತಂದೆಯೊಬ್ಬ ದೇಶದ ಮನೆಮನೆಗೆ ಬಂದ. ನಟ ಜಾನ್ ಏಮಸ್ ಆ ಪಾತ್ರಕ್ಕೆ ಜೀವ ತುಂಬಿದರು.

ಆದರೆ ಗೆಲುವು ಬಹುಕಾಲ ಉಳಿಯಲಿಲ್ಲ. ಜಿಮ್ಮಿ ವಾಕರ್ ಅಭಿನಯಿಸಿದ ಜೆ.ಜೆ.ಯ ಕೋಡಂಗಿತನ ಮತ್ತು ‘ಡೈನೋಮೈಟ್’ ಎಂಬ ಉದ್ಗಾರ ಜನಪ್ರಿಯವಾದಂತೆ ಕಥೆ ಅವನತ್ತ ವಾಲಿತು. ಓದಿಲ್ಲದ, ಕೆಲಸವಿಲ್ಲದ ಈ ಹುಡುಗ ನಮ್ಮ ಮಕ್ಕಳಿಗೆ ಎಂಥ ಮಾದರಿ ಎಂದು ರೋಲ್ 1975ರಲ್ಲಿ ‘ಎಬೊನಿ’ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಆಕ್ಷೇಪಿಸಿದರು. ವೈದ್ಯೆಯಾಗಬಯಸುವ ತೆಲ್ಮಾ, ನ್ಯಾಯಾಧೀಶನಾಗಬಯಸುವ ಮೈಕೇಲ್ ಹಿಂದೆ ಸರಿದರೆಂಬುದು ಏಮಸ್ ಅವರ ಕೊರಗು. ಲೇಖಕರೊಡನೆ ಜಗಳವಾಡಿದ ಅವರನ್ನು 1976ರಲ್ಲಿ ಕೈಬಿಡಲಾಯಿತು. ಕಥೆಯಲ್ಲಿ ಜೇಮ್ಸ್ ಕಾರು ಅಪಘಾತದಲ್ಲಿ ತೀರಿಕೊಂಡ. ರೋಲ್ ಬೇಡವೆಂದಿದ್ದ ತಂದೆಯಿಲ್ಲದ ಮನೆಯೇ ಕೊನೆಗೆ ಪರದೆಯ ಮೇಲೆ ಉಳಿಯಿತು. ಆಕೆಯೂ 1977ರಲ್ಲಿ ಹೊರನಡೆದು, ಮರುವರ್ಷ ಜೆ.ಜೆ.ಯನ್ನು ತಿದ್ದಬೇಕೆಂಬ ಷರತ್ತಿನೊಡನೆ ಮರಳಿದರು. 133 ಕಂತುಗಳ ನಂತರ, 1979ರ ಆಗಸ್ಟ್‌ನಲ್ಲಿ ಧಾರಾವಾಹಿ ಮುಗಿಯಿತು.

ಕಾಬ್ರಿನಿ-ಗ್ರೀನ್‌ನ ಕೊನೆಯ ಎತ್ತರದ ಕಟ್ಟಡ 2011ರಲ್ಲಿ ನೆಲಸಮವಾಯಿತು. ಏಮಸ್ 2024ರಲ್ಲಿ ನಿಧನರಾದರು. ಅವರೆತ್ತಿದ ಪ್ರಶ್ನೆ ಮಾತ್ರ ಹಾಗೆಯೇ ಇದೆ: ಬಡವರ ಬದುಕನ್ನು ಹೀಗೆಯೇ ತೋರಿಸಬೇಕೆಂದು ನಿರ್ಧರಿಸುವವರು ಯಾರು? ಮುಂದೆ ಯಾವುದೇ ಧಾರಾವಾಹಿಯ ಬಡಕುಟುಂಬವನ್ನು ನೋಡಿ ನಕ್ಕಾಗ, ನೀವೂ ಈ ಪ್ರಶ್ನೆಯನ್ನು ಕೇಳಿಕೊಳ್ಳಿ.