ಫೋನ್ ಇಡುವ ಹಕ್ಕು ಯಾರದು?

ಫೋನಿನ ಮಾತು ಮುಗಿಸುವುದಕ್ಕೆ ಇಂಗ್ಲಿಷಿನವರು ‘ಹ್ಯಾಂಗ್ ಅಪ್’ ಅನ್ನುವುದು ಗೋಡೆ ಫೋನಿನ ಕಾಲದಿಂದ ಬಂದ ರೂಢಿ. ಬೆಲ್‌ಗೆ 1876ರಲ್ಲಿ ಪೇಟೆಂಟ್ ಸಿಕ್ಕ ಮೇಲೆ ಅಮೆರಿಕದ ಮನೆಗಳಲ್ಲಿ ಹರಡಿದ್ದು ಗೋಡೆಗೆ ಜಡಿದ ಮರದ ಪೆಟ್ಟಿಗೆ. ಮಾತಾಡುವ ಬಾಯಿ ಪೆಟ್ಟಿಗೆಯ ಮುಂದೆ, ಕೇಳುವ ಕೊಳವೆ ಪಕ್ಕದ ಕೊಕ್ಕೆಯಲ್ಲಿ. ಆ ಕೊಕ್ಕೆ ಬರೀ ಗೂಟವಲ್ಲ, ಸ್ವಿಚ್ಚು. ಕೊಳವೆಯ ಭಾರಕ್ಕೆ ಅದು ಕೆಳಗಿಳಿದರೆ ಮಾತಿನ ಸರ್ಕ್ಯೂಟ್ ಕಡಿಯುತ್ತಿತ್ತು. ತೂಗುಹಾಕಲು ಮರೆತರೆ ಒಳಗಿನ ಬ್ಯಾಟರಿ ಖಾಲಿ.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಹಿಡಿ ತಿರುಗಿಸಿ ಎಕ್ಸ್‌ಚೇಂಜಿಗೆ ಇನ್ನೊಮ್ಮೆ ಗಂಟೆ ಕೊಡಬೇಕಿತ್ತು. ಅಲ್ಲಿ ಬೋರ್ಡಿನ ಪುಟ್ಟ ಮುಚ್ಚಳ ಬಿದ್ದಾಗ ಆಪರೇಟರಮ್ಮ ಪ್ಲಗ್ ಕೀಳುತ್ತಿದ್ದಳು. ಬ್ರಿಟಿಷರ ‘ರಿಂಗ್ ಆಫ್’ ಈ ಕೊನೆಯ ಗಂಟೆಯದು.

ಆಪರೇಟರ್ ಇಲ್ಲದ ಎಕ್ಸ್‌ಚೇಂಜಿಗೆ 1891ರಲ್ಲಿ ಪೇಟೆಂಟ್ ಪಡೆದವನು ಕಾನ್ಸಾಸ್ ಸಿಟಿಯಲ್ಲಿ ಹೆಣ ಸಾಗಿಸುವ ಕಸುಬಿನಲ್ಲಿದ್ದ ಆಲ್ಮನ್ ಸ್ಟ್ರೌಜರ್. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟೆಲಿಫೋನ್ ಕಾರ್ಖಾನೆ ಐಟಿಐ ಮೊದಮೊದಲು ತಯಾರಿಸಿದ್ದೂ ಅವನ ಪದ್ಧತಿಯ ಎಕ್ಸ್‌ಚೇಂಜುಗಳನ್ನೇ. ನಾನು ಮೆಕ್ಯಾನಿಕ್ ಆಗಿ ಕೈ ಮಸಿ ಮಾಡಿಕೊಂಡದ್ದು ಅಂಥವುಗಳಲ್ಲಿ. ಡಯಲ್ ತಿರುಗಿಸಿದರೆ ಸೆಲೆಕ್ಟರಿನ ಕಡ್ಡಿ ಟಕಟಕ ಮೇಲೇರಿ, ಪಕ್ಕಕ್ಕೆ ಹೊರಳಿ, ಬೇಕಾದ ಲೈನಿಗೆ ತಗುಲಿ ನಿಲ್ಲುತ್ತಿತ್ತು. ಮಾತು ಮುಗಿದರೆ ಟಪ್ಪೆಂದು ತನ್ನ ಜಾಗಕ್ಕೆ ಬೀಳುತ್ತಿತ್ತು.

ಬೀಳಿಸುವ ಅಧಿಕಾರ ಮಾತ್ರ ಫೋನ್ ಮಾಡಿದವನದು. ಕರೆ ಬಂದವರು ಎಷ್ಟು ಕುಕ್ಕಿ ಇಟ್ಟರೂ ಸೆಲೆಕ್ಟರುಗಳು ಹಿಡಿದ ಜಾಗ ಬಿಡುತ್ತಿರಲಿಲ್ಲ. ಮತ್ತೆ ಎತ್ತಿದರೆ ಅದೇ ದನಿ. ‘ಆ ಪುಣ್ಯಾತ್ಮ ಇನ್ನೂ ಲೈನಲ್ಲೇ ಇದ್ದಾನೆ ಸಾರ್, ಡಾಕ್ಟರಿಗೆ ಹೇಗೆ ಮಾಡ್ಲಿ?’ ಎಂದು ಪಕ್ಕದ ಮನೆಯಿಂದ ಫೋನ್ ಮಾಡಿ ಗೋಳಾಡುತ್ತಿದ್ದರು. ನಾವು ರ‍್ಯಾಕಿನಿಂದ ರ‍್ಯಾಕಿಗೆ ಜಾಡು ಹಿಡಿದು ಹೋಗಿ ಕೈಯಾರೆ ಬಿಡಿಸುತ್ತಿದ್ದೆವು. ಇದು ಗೊತ್ತಿದ್ದ ಪೋಲಿಗಳಿಗಂತೂ ಸುಗ್ಗಿ. ಹೆಣ್ಣುಮಕ್ಕಳ ದನಿ ಕೇಳಿದರೆ ಸಾಕು, ಇಡುತ್ತಲೇ ಇರಲಿಲ್ಲ. ಮರೆವಿನಿಂದ ರಿಸೀವರ್ ಪಕ್ಕಕ್ಕಿಟ್ಟು ಹೋದವರದು ಬೇರೆ ಕತೆ. ಅವರ ಲೈನಿಗೆ ಹೌಲರ್ ಹಾಕಿದರೆ ಮೇಜಿನ ಮೇಲೆ ಬಿದ್ದಿದ್ದ ರಿಸೀವರೇ ಊಳಿಡುತ್ತಿತ್ತು.

ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದ ಮೇಲೆ, ಕರೆ ಬಂದವರು ಇಟ್ಟರೂ ಸ್ವಲ್ಪ ಹೊತ್ತಿಗೆ ಲೈನು ತಾನಾಗಿ ಬಿಟ್ಟುಕೊಳ್ಳುವಂತಾಯಿತು. ಮೊಬೈಲಿನಲ್ಲಿ ಯಾರು ಕೆಂಪು ಗುಂಡಿ ಒತ್ತಿದರೂ ತಕ್ಷಣ ಕಟ್. ಫೋನಿನ ಚರಿತ್ರೆ ಬರೆಯುವವರು ದೂರದವರು ಹತ್ತಿರವಾದದ್ದನ್ನೇ ಹಾಡಿ ಹೊಗಳುತ್ತಾರೆ. ಬೇಡದವರನ್ನು ದೂರವಿಡುವ ಅಧಿಕಾರ ಕರೆ ಬಂದವರ ಕೈಗೂ ಸಿಕ್ಕಿದ್ದು ಅದಕ್ಕೇನೂ ಕಡಿಮೆಯಲ್ಲ. ಆ ದೂರುಗಳನ್ನು ಬರೆದುಕೊಂಡವನಾಗಿ ಇಷ್ಟು ಹೇಳಬಲ್ಲೆ.