ಒಂದು ಐಎಸ್‌ಡಿ ಕಾಲು, ಒಂದು ಮೈಕು

ಕಮರ್ಷಿಯಲ್ ಸ್ಟ್ರೀಟಿನ ಅಡ್ಡರಸ್ತೆಯಲ್ಲಿ ನನ್ನದೊಂದು ಎಸ್‌ಟಿಡಿ ಬೂತಿತ್ತು. ಹಳದಿ ಬೋರ್ಡು, ಗಾಜಿನ ಗೂಡು, ಕೆಂಪು ಅಂಕಿ ಓಡಿಸುವ ಮೀಟರು. 2004ರ ಹೊತ್ತಿಗೆ ಮೊಬೈಲು ಬಂದು ವ್ಯಾಪಾರ ಸೊರಗಿತ್ತು. ಸುನಾಮಿ ಬಂದ ಡಿಸೆಂಬರ್ 26ರ ಭಾನುವಾರ ಮಾತ್ರ ಸಾಲು ರಸ್ತೆಗೆ ಬಂತು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಕಡೆಯ ಎಷ್ಟೋ ಮನೆಯವರು ಕ್ರಿಸ್‌ಮಸ್ಸಿಗೆ ತಮಿಳುನಾಡಿನ ಕಡಲದಂಡೆಯ ವೇಳಾಂಕಣ್ಣಿಗೆ ಹೋಗಿದ್ದರು. ಅಲ್ಲಿನ ಕೋಡು 04365 ಒತ್ತಿ ಒತ್ತಿ ಬೆರಳು ನೋಯಿತು, ಲೈನು ಸಿಗಲಿಲ್ಲ. ಕಾಲ್ ಸೇರದಿದ್ದರೆ ಮೀಟರು ಸೊನ್ನೆ ಬಿಟ್ಟು ಕದಲುವುದಿಲ್ಲ. "ಇನ್ನೊಂದ್ಸಲ ಹಾಕಣ್ಣಾ" ಅಂತ ಒಬ್ಬಾಕೆ ಆ ಸೊನ್ನೆಯನ್ನೇ ನೋಡುತ್ತ ನಿಂತಿದ್ದರು.

ಸುಮಾತ್ರಾ ಬಳಿ ಕಡಲತಳ ಸೀಳಿದ್ದು ನಮ್ಮ ಬೆಳಗಿನ 6.29ಕ್ಕೆ. ಆ ಕಂಪನ ಗೌರಿಬಿದನೂರು ಮುಟ್ಟಲು ಐದು ನಿಮಿಷ ಸಾಕು. ಅಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನಮಾಪಕಗಳ ಸಾಲಿದೆ. ದೂರದ ಅಣ್ವಸ್ತ್ರ ಪರೀಕ್ಷೆಗಳಿಗೆ ಕಿವಿಗೊಡಲು ಹಾಕಿದ್ದು. ನೀರು ತಮಿಳುನಾಡಿನ ದಡಕ್ಕೆ ಬರಲು ಎರಡು ಗಂಟೆಗೂ ಮೇಲೆ ಹಿಡಿಯಿತು. ಅಷ್ಟು ಹೊತ್ತಿದ್ದೂ ಯಾರು ಯಾರಿಗೆ ಹೇಳಬೇಕೆಂಬ ಏರ್ಪಾಡೇ ಇರಲಿಲ್ಲ. ಪೆಸಿಫಿಕ್ಕಿಗೆ ಹವಾಯಿಯಲ್ಲಿ 1949ರಿಂದ ಎಚ್ಚರಿಕೆ ಕೇಂದ್ರವಿತ್ತು, ಹಿಂದೂ ಮಹಾಸಾಗರಕ್ಕಿಲ್ಲ. 1945ರ ನವೆಂಬರಿನಲ್ಲಿ ಈಗಿನ ಪಾಕಿಸ್ತಾನದ ಮಕ್ರಾನ್ ಕರಾವಳಿಯ ಕಂಪನದ ಅಲೆ ಮುಂಬಯಿಯ ದಡದಲ್ಲೂ ಜನರನ್ನು ಎಳೆದೊಯ್ದಿತ್ತು, ಯಾರಿಗೆ ನೆನಪು? ಈ ಸಲ ವೇಳಾಂಕಣ್ಣಿಯಿರುವ ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ ಸತ್ತವರು 6 ಸಾವಿರಕ್ಕೂ ಹೆಚ್ಚು.

ಅದೇ ದಿನ ಪುದುಚೇರಿ ಕಡೆಯ ನಲ್ಲವಾಡು ಬದುಕಿಕೊಂಡಿತು. ಸಿಂಗಪುರದಲ್ಲಿದ್ದ ಆ ಊರಿನವರೊಬ್ಬರು ಟಿವಿ ನೋಡಿ ಮನೆಗೆ ಫೋನ್ ಮಾಡಿದರು. ಊರಿನವರು ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನದ ಮಾಹಿತಿ ಕೇಂದ್ರದ ಬಾಗಿಲು ಒಡೆದು ಒಳನುಗ್ಗಿ ಮೈಕಿನಲ್ಲಿ ಕೂಗಿದರು. 3 ಸಾವಿರಕ್ಕೂ ಹೆಚ್ಚು ಜನ ದಡ ಬಿಟ್ಟು ಓಡಿದರು. ಫೋನನ್ನೇ ನಂಬಿ ಬದುಕಿದವನು ನಾನು. ಇದನ್ನು ಓದಿ ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

2007ರ ಅಕ್ಟೋಬರಿನಲ್ಲಿ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನಲ್ಲಿ ನಮ್ಮದೇ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು. ಎಲ್ಲಿ ಎಷ್ಟು ನಡುಗಿದರೆ ಯಾವ ದಡಕ್ಕೆ ಎಷ್ಟೆತ್ತರದ ಅಲೆ ಎಂಬ ಲೆಕ್ಕವನ್ನು ಅವರು ಮೊದಲೇ ಮಾಡಿಟ್ಟಿರುತ್ತಾರೆ. ಕಂಪನವಾದೊಡನೆ ಹತ್ತಿರದ ಲೆಕ್ಕ ತೆಗೆದು ನೋಡಿದರಾಯಿತು. ಆಮೇಲೆ ಸಮುದ್ರತಳದ ಒತ್ತಡಮಾಪಕ ಅಲೆ ಎದ್ದಿದೆಯೋ ಇಲ್ಲವೋ ಹೇಳುತ್ತದೆ. 2012ರ ಏಪ್ರಿಲ್ 11ರ ಮಧ್ಯಾಹ್ನ ಸುಮಾತ್ರಾ ಬಳಿ 8.6ರ ಕಂಪನವಾದಾಗ ಬೆಂಗಳೂರಿನ ಕಚೇರಿಗಳಿಂದಲೂ ಜನ ಕೆಳಗಿಳಿದು ಬಂದರು. ಹತ್ತು ನಿಮಿಷದೊಳಗೆ ಹೈದರಾಬಾದಿನ ಮೊದಲ ಪ್ರಕಟಣೆ ಹೊರಟಿತ್ತು. ಕಡಲತಳ ಅಡ್ಡಕ್ಕೆ ಸರಿದಿದ್ದರಿಂದ ದೊಡ್ಡ ಅಲೆ ಏಳಲಿಲ್ಲ, ಸಂಜೆ ಎಚ್ಚರಿಕೆ ವಾಪಸಾಯಿತು.

2020ರಲ್ಲಿ ಯುನೆಸ್ಕೊ ಒಡಿಶಾದ ವೆಂಕಟರಾಯಪುರ ಮತ್ತು ನೋಲಿಯಾಸಾಹಿ ಹಳ್ಳಿಗಳನ್ನು ಸುನಾಮಿಗೆ ಸಜ್ಜಾದ ಊರುಗಳೆಂದು ಗುರುತಿಸಿತು. ಓಡುವ ದಾರಿಯ ನಕ್ಷೆ, ಅಣಕು ಕವಾಯತು, ಹಗಲು ರಾತ್ರಿ ಸುದ್ದಿ ಮುಟ್ಟಿಸುವ ಏರ್ಪಾಡು ಇವೆಲ್ಲ ಅದರ ಷರತ್ತುಗಳು. ನಾನಾಗಿದ್ದರೆ ಮೈಕ್ ರೂಮಿನ ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತದೆಂದು ಮೊದಲು ಕೇಳುತ್ತಿದ್ದೆ.