ವಾಜೂ ಮತ್ತು ಜಪಾನಿನ ನೆರೆ ಸಿದ್ಧತೆ

ಜಪಾನಿನ ನಗೋಯಾ ನಗರದ ಪಶ್ಚಿಮಕ್ಕೆ ಕಿಸೊ, ನಗಾರಾ, ಇಬಿ ನದಿಗಳು ಒತ್ತೊತ್ತಾಗಿ ಹರಿದು ಇಸೆ ಕೊಲ್ಲಿಯನ್ನು ಸೇರುತ್ತವೆ. ಈ ತಗ್ಗು ಬಯಲಿನಲ್ಲಿ ಊರು, ಗದ್ದೆಗಳನ್ನು ಸುತ್ತುವರಿದು ಕಟ್ಟಿದ ಮಣ್ಣಿನ ಒಡ್ಡಿಗೆ ವಾಜೂ ಎಂದು ಹೆಸರು; ಒಡ್ಡಿನೊಳಗೆ ಬಾಳುವ ಸಮುದಾಯವೂ ವಾಜೂವೇ. ನೆರೆಯನ್ನು ಎದುರಿಸುವ ಹೊಣೆ ಊರವರಿಂದ ಸರ್ಕಾರದ ಕೈಗೆ ಹೋಗಿ, ಈಗ ಭಾಗಶಃ ಮರಳುತ್ತಿರುವುದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

1609ರಲ್ಲಿ ಒವಾರಿ ಪ್ರಾಂತ್ಯದ ಟೊಕುಗಾವಾ ಮನೆತನಕ್ಕಾಗಿ ಕಿಸೊ ನದಿಯ ಎಡದಂಡೆಗೆ ಉದ್ದನೆಯ ಒಡ್ಡು ಎದ್ದಿತು. ಎದುರು ದಂಡೆಯ ಮಿನೊ ಪ್ರಾಂತ್ಯದ ಒಡ್ಡುಗಳು ಅದಕ್ಕಿಂತ ಮೂರು ಷಾಕು, ಅಂದರೆ ಸುಮಾರು 90 ಸೆಂ.ಮೀ., ತಗ್ಗಿರಬೇಕೆಂಬ ಕಟ್ಟಳೆ ಇತ್ತೆಂದು ಪ್ರತೀತಿ. ಕಟ್ಟಳೆಯ ಮಾತು ಹೇಗೇ ಇರಲಿ, ನೀರು ನುಗ್ಗುತ್ತಿದ್ದುದು ಮಿನೊ ಕಡೆಗೆ. ಅಲ್ಲಿನ ಹಳ್ಳಿಗಳು ತಮ್ಮ ಸುತ್ತ ತಾವೇ ಒಡ್ಡು ಕಟ್ಟಿಕೊಂಡವು. ಮಳೆಗಾಲದಲ್ಲಿ ಕಾವಲು, ನೀರು ಏರಿದಾಗ ಮನೆಮನೆಯಿಂದ ಆಳು, ಹುಲ್ಲಿನ ಚೀಲ, ಹಗ್ಗ, ಗೂಟಗಳ ದಾಸ್ತಾನು ಎಲ್ಲವೂ ಊರೊಟ್ಟಿನ ಕೆಲಸ.

ಅಪಾಯದ ಅರಿವು ಮನೆ ಕಟ್ಟುವ ಬಗೆಯಲ್ಲೇ ಇತ್ತು. ಉಳ್ಳವರು ಹಿತ್ತಿಲಿನಲ್ಲಿ ಕಲ್ಲು ಕಟ್ಟಿ ಎತ್ತರಿಸಿದ ನೆಲೆಯ ಮೇಲೆ ‘ಮಿಜುಯಾ’ ಎಂಬ ಇನ್ನೊಂದು ಮನೆ ಕಟ್ಟಿ, ಅಕ್ಕಿ, ಮಿಸೊ (ಹುದುಗಿಸಿದ ಸೋಯಾ ಮುದ್ದೆ) ತುಂಬಿಡುತ್ತಿದ್ದರು. ನೀರು ಇಳಿಯುವ ತನಕ ಅಲ್ಲೇ ವಾಸ. ಸೂರಿನ ಕೆಳಗೆ ದೋಣಿ ತೂಗುತ್ತಿತ್ತು. ಕೆಲವು ಮನೆಗಳಲ್ಲಿ ಬುದ್ಧನ ಪೂಜಾಮಂಟಪವನ್ನೇ ರಾಟೆಯಿಂದ ಅಟ್ಟಕ್ಕೆ ಎಳೆದುಕೊಳ್ಳುವ ಏರ್ಪಾಟಿತ್ತು. ಮಿಜುಯಾ ಕಟ್ಟಲಾಗದ ಬಡವರಿಗೆ ಊರಿನ ಸಾಮೂಹಿಕ ದಿಬ್ಬವೇ ಗತಿ. ಈ ಒಗ್ಗಟ್ಟನ್ನು ಹೊಗಳುವಾಗ ಅದರ ಇನ್ನೊಂದು ಮುಖ ಮರೆತುಹೋಗುವುದುಂಟು: ಪಕ್ಕದ ವಾಜೂವಿನ ಒಡ್ಡು ಒಡೆದರೆ ತಮ್ಮದು ಉಳಿಯುತ್ತಿತ್ತು. ಹೀಗಾಗಿ ಒಡ್ಡಿನ ಎತ್ತರ, ನೀರಿನ ದಾರಿಗಳ ಬಗ್ಗೆ ಊರೂರುಗಳ ನಡುವೆ ಜಗಳ ತಪ್ಪಿದ್ದಲ್ಲ.

ಮುಂದೆ ಮೇಜಿ ಚಕ್ರವರ್ತಿಯ ಸರ್ಕಾರ ಕರೆಸಿಕೊಂಡ ಡಚ್ ಎಂಜಿನಿಯರ್ ಯೊಹಾನಿಸ್ ಡೆ ರೈಕೆಯ ಯೋಜನೆಯಂತೆ 1887ರಿಂದ 1912ರವರೆಗೆ ಮೂರು ನದಿಗಳನ್ನು ಬೇರ್ಪಡಿಸಲಾಯಿತು. ನೆರೆ ಗಣನೀಯವಾಗಿ ತಗ್ಗಿತು. ಅದರೊಂದಿಗೆ ಕಾವಲಿನ ರೂಢಿಯೂ ಸಡಿಲವಾಯಿತು. ಒಳಗಿನ ಹಳೆಯ ಒಡ್ಡುಗಳು ಎಷ್ಟೋ ಕಡೆ ರಸ್ತೆಗೆ ಅಡ್ಡಿಯೆನಿಸಿ ನೆಲಸಮವಾದವು. 1949ರ ನೆರೆ ತಡೆ ಕಾಯ್ದೆ ಸ್ಥಳೀಯ ಸ್ವಯಂಸೇವಕ ದಳಗಳಿಗೆ ಕಾನೂನಿನ ನೆಲೆ ಒದಗಿಸಿತು. 1959ರ ಸೆಪ್ಟೆಂಬರ್ 26ರ ಇಸೆ ಕೊಲ್ಲಿ ಚಂಡಮಾರುತದಲ್ಲಿ ಸಮುದ್ರವೇ ಉಕ್ಕಿ ಬಂದು 5,000ಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ಅದರ ಪರಿಣಾಮವಾಗಿ 1961ರಲ್ಲಿ ವಿಪತ್ತು ನಿರ್ವಹಣೆಯ ಮೂಲ ಕಾಯ್ದೆ ಬಂತು.

ಹಳೆಯ ಪದ್ಧತಿಯ ಬೆಲೆ ತಿಳಿದದ್ದು 1976ರ ಸೆಪ್ಟೆಂಬರ್ 12ರಂದು. ನಗಾರಾ ನದಿಯ ಬಲದಂಡೆ ಅನ್ಪಾಚಿಯಲ್ಲಿ ಒಡೆದು ಆ ಪಟ್ಟಣ ಮುಳುಗಿತು. ಪಕ್ಕದ ವಾನೊಉಚಿಯಲ್ಲಿ ಹಳೆಯ ವಾಜೂ ಒಡ್ಡು ಇನ್ನೂ ಉಳಿದಿತ್ತು. ರಸ್ತೆಗೆಂದು ಅದರಲ್ಲಿ ಬಿಟ್ಟಿದ್ದ ತೆರಪನ್ನು ಮುಚ್ಚಿದ್ದರಿಂದ ನೀರು ಅಲ್ಲಿಗೇ ನಿಂತಿತು.

ಒಡ್ಡಿನ ಮೇಲಷ್ಟೇ ನೆಚ್ಚಿಕೊಳ್ಳಲಾಗದೆಂದು ಮನಗಂಡ ಸರ್ಕಾರ 2005ರಲ್ಲಿ ನೆರೆ ತಡೆ ಕಾಯ್ದೆಯನ್ನು ತಿದ್ದಿ, ಸ್ಥಳೀಯ ಆಡಳಿತಗಳು ನೆರೆ ಅಪಾಯದ ನಕ್ಷೆ ಹಂಚುವುದನ್ನು ಕಡ್ಡಾಯ ಮಾಡಿತು. ವಿದ್ಯುತ್ ಕಂಬಗಳ ಮೇಲೆ ನೀರು ಏರಬಹುದಾದ ಮಟ್ಟ ತೋರಿಸುವ ಫಲಕಗಳೂ ಬಂದವು. ಆದರೆ ಕೈಗೆ ಬಂದ ನಕ್ಷೆ ಮನಸ್ಸಿಗೆ ಇಳಿಯಲೇಬೇಕೆಂದಿಲ್ಲ. 2015ರಲ್ಲಿ ಈ ಬಯಲಿನಿಂದ ದೂರದ ಕಿನು ನದಿಯ ದಂಡೆ ಒಡೆದಾಗ ಜೋಸೊ ನಗರದ ಆಡಳಿತ ಕಚೇರಿಗೇ ನೀರು ನುಗ್ಗಿತು. 2018ರ ಜುಲೈಯ ನೆರೆಯಲ್ಲಿ ಕುರಾಶಿಕಿ ನಗರದ ಮಾಬಿಯಲ್ಲಿ ಮುಳುಗಿದ ಪ್ರದೇಶ ನಕ್ಷೆಯಲ್ಲಿ ಬಣ್ಣ ಬಳಿದಿದ್ದ ಪ್ರದೇಶಕ್ಕೆ ಬಹುತೇಕ ಸರಿಹೊಂದಿತು. ಆದರೂ 51 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ವೃದ್ಧರು. ಮನೆಯಲ್ಲೇ ಪ್ರಾಣ ಬಿಟ್ಟವರು ಬಹಳ.

ಜೋಸೊ ಪ್ರವಾಹದ ನಂತರ ‘ನನ್ನ ವೇಳಾಪಟ್ಟಿ’ ಎಂಬ ಅಭ್ಯಾಸ ಹರಡಿತು. ಚಂಡಮಾರುತದ ಮುನ್ಸೂಚನೆ ಬಂದಾಗಿನಿಂದ ನೀರು ಏರುವವರೆಗೆ ಔಷಧಿ ಯಾವಾಗ ಕಟ್ಟಿಕೊಳ್ಳಬೇಕು, ಅಜ್ಜಿಯನ್ನು ಯಾರು ಕರೆದೊಯ್ಯಬೇಕು, ಯಾವ ದಾರಿ ಹಿಡಿಯಬೇಕು ಎಂಬುದನ್ನು ಕುಟುಂಬದವರು ಸೇರಿ ಮೊದಲೇ ಬರೆದಿಡುತ್ತಾರೆ. ಮಾಬಿಯ ದುರಂತದ ಬಳಿಕ ಸರ್ಕಾರದ ಧೋರಣೆಯೂ ಬದಲಾಯಿತು: ಜೀವ ಉಳಿಸಿಕೊಳ್ಳುವ ತೀರ್ಮಾನ ಜನರದು, ಅದಕ್ಕೆ ನೆರವಾಗುವುದು ಆಡಳಿತದ ಕೆಲಸ ಎಂಬ ನಿಲುವು ಬಂತು. 2019ರಲ್ಲಿ ಐದು ಹಂತಗಳ ಎಚ್ಚರಿಕೆ ಕ್ರಮ ಜಾರಿಯಾಯಿತು. ಸ್ಥಳಾಂತರದ ‘ಸಲಹೆ’, ‘ಆದೇಶ’ಗಳ ನಡುವೆ ಜನ ಗೊಂದಲಕ್ಕೀಡಾಗುತ್ತಿದ್ದುದರಿಂದ 2021ರಲ್ಲಿ ಸಲಹೆಯನ್ನು ಕೈಬಿಟ್ಟು ಆದೇಶವನ್ನಷ್ಟೇ ಉಳಿಸಲಾಯಿತು.